ಸಂಡೂರು ಗುಡ್ಡದಾಗ ಜೇನಿಗೆ ಚಳಿ

ಸಂಡೂರಿನ್ಯಾಗ ಕೆಳಗ ಬಿಸಿಲಿಗೆ ಈ ನೀಲಿ ಹೂವು ಆಗ್ಲೇ ಕಾಯಿ ಕಟ್ಯಾವು. ಗುಡ್ಡದ ತುದಿಗೆ ತಂಪು, ಹಂಗಾಗಿ ಇವತ್ತು ಅರಳ್ಯಾವು. ಕಾಲೇಜಿನ್ಯಾಗ ಗಿಡದ ಪಾಠ ಮಾಡೋ ನಮ್ಮತ್ತಿ ಅವುಗಳ ಮುಂದ ಕುಂತಿದ್ಲು.

"ಥಂಡ್ಯಾಗ ಜೇನು ಹಾರಂಗಿಲ್ಲೋ. ಮಧ್ಯಾಹ್ನಕ್ಕ ಹೂವು ಉದುರ್ತಾವ. ಅಷ್ಟ್ರಾಗ ಒಂದು ಹೂವಿನ ಪುಡಿ ಇನ್ನೊಂದಕ್ಕ ಮುಟ್ಟಲಿಲ್ಲಂದ್ರ ಬೀಜ ಇಲ್ಲ."

"ಜೇನಿಗೆ ಸ್ವೆಟರ್ ಹೆಣಿಸೋಣೇನತ್ತಿ?" ಅಂದೆ.

ಬಿಸಿಲು ಬಿತ್ತು. ಎಮ್ಮಿಕರದಷ್ಟು ದೊಡ್ಡ ಜೇನು ಬಂದು ನನ್ನ ಬೆನ್ನ ಮ್ಯಾಲೆ ಕುಂತಿತು. ಇಲ್ಲಿಂದ ಹಂಪಿಗೆ ಹೋಗಿ ಫೋಟೋ ತೆಗಸ್ಕೋಬೇಕಂತ ಹಾಕ್ಕೊಂಡ ಹಳದಿ ಅಂಗಿ, ಜೇನೂ ಮರುಳಾತು.

ಅತ್ತಿ ಕಂಪ್ಲಿ ಬಸ್ಸಿನ ಕಂಡಕ್ಟರ್‌ನಂಗ ಕೈ ಬೀಸಿದ್ಲು. "ಹಿಂದಕ್ಕ ಬರ್ಲಿ, ಬರ್ಲಿ... ಹೋಲ್ಡಾನ್."

ನಾ ಬೆನ್ನು ಹೂವಿಗೆ ತಾಗೋತನಕ ಹಿಂದಕ್ಕ ಸರದೆ. ಜೇನು ಹೂವಿನೊಳಗ ಇಳೀತು. ಮೈತುಂಬ ಪುಡಿ ಬಳಕೊಂಡು ಪಕ್ಕದ ಗಿಡಕ್ಕ ಹೊಂಟಿತು. ಅತ್ತಿ ಮೆಲ್ಲಕ "ರೈಟ್" ಅಂದ್ಲು.