ಜಗಳೂರಿನ ಟೈಂಕೀಪರರ ವಾಚು

ಗಡಿಯಾರಗಳನ್ನು ಕೂಡಿಡುವವರು ಹೊತ್ತಿಗೆ ಸರಿಯಾಗಿ ಎಲ್ಲಿಗೂ ತಲುಪುವುದಿಲ್ಲ. ಇದು ಸ್ವಾನುಭವದಿಂದ ನನಗೆ ಸಿದ್ಧಿಸಿದ ಸತ್ಯ. ಮನೆಯಿಂದ ಹೊರಡುವ ಮುನ್ನ ಬೇರೆಯವರು ಬೀಗದ ಕೈ, ಪರ್ಸು, ಮೊಬೈಲು ಎಂದು ತಡಕಾಡಿಕೊಂಡರೆ, ನಾನು ಬೀರುವಿನ ಮುಂದೆ ನಿಂತು ಇವತ್ತು ಯಾವ ವಾಚು ಕಟ್ಟಿಕೊಳ್ಳಲಿ ಎಂಬ ಧರ್ಮಸಂಕಟದಲ್ಲಿ ಮುಳುಗಿರುತ್ತೇನೆ. ಆರಿಸಿ, ಕೀಲಿ ಕೊಟ್ಟು, ಮುಳ್ಳು ತಿರುಗಿಸಿ, ಕಿವಿಗೆ ಹಿಡಿದು ಅದರ ಉಸಿರಾಟವನ್ನು ಆಲಿಸಿ ಬಾಗಿಲು ದಾಟುವಷ್ಟರಲ್ಲಿ ಚನ್ನಗಿರಿ ನಿಲ್ದಾಣದಿಂದ ನನ್ನ ಬಸ್ಸು ಹೊರಟುಹೋಗಿರುತ್ತದೆ. ಕೈಯಲ್ಲಿ ಕಾಲವಿದ್ದರೆ ಸಾಲದು, ಕಾಲೂ ಚುರುಕಾಗಿರಬೇಕು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವಳು ನಾನು. ಶ್ಲೇಷೆ ಮಾತ್ರ ಅವರ ಪಾಲಿಗೆ ಹೋಗಿದೆ.

ಈ ಹುಚ್ಚು ಹತ್ತಿದ್ದು ನ್ಯಾಮತಿಯ ನನ್ನ ತವರಿನಲ್ಲಿ. ಅಪ್ಪನ ಮಣಿಕಟ್ಟಿನ ಮೇಲೆ ದೊಡ್ಡ ಮುಖದ ವಾಚೊಂದು ವಿರಾಜಮಾನವಾಗಿರುತ್ತಿತ್ತು. ಪಿಯುಸಿ ಪಾಸಾದಾಗ ಅಂಥದ್ದೇ ನನಗೂ ಬೇಕೆಂದೆ. ಅಪ್ಪ ಶಿವಮೊಗ್ಗಕ್ಕೆ ಹೋಗಿ ಪ್ರೀತಿಯಿಂದ ತಂದದ್ದು ಅವರೆಕಾಳಿನಷ್ಟು ಮುಖದ, ದಾರದಷ್ಟು ಸಪೂರ ಪಟ್ಟಿಯ ‘ಲೇಡೀಸ್ ವಾಚು’. ದಿನದಲ್ಲಿ ಗಂಡಸರಿಗೆಷ್ಟು ಗಂಟೆಯೋ ಹೆಂಗಸರಿಗೂ ಅಷ್ಟೇ ಇರುವಾಗ, ಅದನ್ನು ನೋಡುವ ಕಿಟಕಿ ಮಾತ್ರ ನಮಗೇಕೆ ಇಷ್ಟು ಕಿರಿದಾಗಬೇಕು ಎಂದು ಅಂದು ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ. ಕತ್ತಲಗೆರೆಯಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ ನಾನು ಕೊಂಡಿದ್ದು ಯಾರೋ ಕಟ್ಟಿ ಬಿಟ್ಟ ಗಂಡಸರ ವಾಚನ್ನು. ಆಮೇಲೆ ಎರಡನೆಯದು, ಮೂರನೆಯದು. ಆಮೇಲಿನದರ ಲೆಕ್ಕವನ್ನು ಯಜಮಾನರ ಆರೋಗ್ಯದ ದೃಷ್ಟಿಯಿಂದ ನಾನು ಬಹಿರಂಗಪಡಿಸಿಲ್ಲ.

ಕೂಡಿಡುವವರು ಸುಖಿಗಳೆಂದು ಭಾವಿಸಬೇಡಿ. ಕೀಲಿ ಕೊಡದಿದ್ದರೆ ಎಣ್ಣೆ ಗಟ್ಟಿಯಾದೀತು ಎಂದೊಂದು ಭಯ, ಕೊಟ್ಟರೆ ಸ್ಪ್ರಿಂಗ್ ಹರಿದೀತು ಎಂದು ಇನ್ನೊಂದು. ಮಳೆಗಾಲದಲ್ಲಿ ಗಾಜಿನೊಳಗೆ ಮಂಜು ಕೂರುವ ಚಿಂತೆ, ಊರಿಗೆ ಹೋದರೆ ಕಳ್ಳರ ಚಿಂತೆ. ಅಷ್ಟೂ ವಾಚುಗಳಲ್ಲಿ ಒಂದರ ಮಾತನ್ನು ಇನ್ನೊಂದು ಒಪ್ಪುವುದಿಲ್ಲವಾಗಿ, ನನ್ನ ಬೀರುವೇ ಒಂದು ಜಗಳೂರು. ನಿಜವಾದ ಜಗಳೂರಿನ ಜನ ಎಷ್ಟು ಸಮಾಧಾನಿಗಳೆಂಬುದು ನನಗೆ ಗೊತ್ತಾದದ್ದು ಕಳೆದ ಚಳಿಗಾಲದಲ್ಲಿ. ಆ ಕಥೆಯನ್ನೇ ಹೇಳಲು ಕೂತಿದ್ದೇನೆ.

ಅದಕ್ಕೆ ಮೊದಲು ನನ್ನ ಮಗಳು ಸುಮಾಳ ಉಡುಗೊರೆಯ ವಿಷಯ ಹೇಳಬೇಕು. ಅವಳು ಹೊನ್ನಾಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಡುಗೆಮನೆಯಲ್ಲಿ ನಿಂತಲ್ಲೇ ನನಗೊಮ್ಮೆ ತಲೆ ಸುತ್ತಿತೆಂಬ ಸುದ್ದಿ ತನ್ನ ಅಪ್ಪನ ಬಾಯಿಂದ ತಿಳಿದದ್ದೇ ತಡ, ಒಂದು ಸ್ಮಾರ್ಟ್ ವಾಚು ತಂದು ನನ್ನ ಕೈಗೆ ಕಟ್ಟಿದಳು. ಅದಕ್ಕೆ ಮುಳ್ಳಿಲ್ಲ, ಕೀಲಿಯಿಲ್ಲ, ಸದ್ದಿಲ್ಲ. ಗಂಟೆ ಎಷ್ಟೆನ್ನುವುದು ಅದಕ್ಕೆ ಉಪಕಸುಬು. ಮುಖ್ಯ ಕಸುಬು ನನ್ನ ಎದೆಬಡಿತ ಎಣಿಸುವುದು. ಬಡಿತ ಏರಿದರೂ ಇಳಿದರೂ ನನ್ನ ಕೈಯನ್ನು ಗುರ್ರೆಂದು ಕಂಪಿಸುವುದಲ್ಲದೆ, ಹೊನ್ನಾಳಿಯಲ್ಲಿ ಅವಳ ಮೊಬೈಲಿಗೂ ಚಾಡಿ ಹೇಳುತ್ತಿತ್ತು.

ಮೊದಲ ವಾರ ಅದನ್ನು ತಾತ್ಸಾರ ಮಾಡಿದೆ. ಆಮೇಲೆ ಕದ್ದು ನೋಡತೊಡಗಿದೆ. ಮೆಟ್ಟಿಲು ಹತ್ತಿದರೆ ನೋಡುವುದು, ಸಾರು ಕುದಿಯುವಾಗ ನೋಡುವುದು, ಟಿವಿಯಲ್ಲಿ ವಾರ್ತೆ ಬಂದರೆ ನೋಡುವುದು. ಅಂಕಿ ತುಸು ಏರಿದ್ದು ಕಂಡರೆ ಗಾಬರಿ. ಗಾಬರಿಯಿಂದ ಅಂಕಿ ಇನ್ನಷ್ಟು ಏರುವುದು. ಏರಿತಲ್ಲ ಎಂದು ಮತ್ತೆ ಗಾಬರಿ. ಅಷ್ಟು ವರ್ಷ ತನ್ನ ಪಾಡಿಗೆ ನನ್ನೊಳಗೆ ಕೆಲಸ ಮಾಡಿಕೊಂಡಿದ್ದ ಹೃದಯ ಈಗ ಮೇಲಧಿಕಾರಿ ಪಕ್ಕದಲ್ಲಿ ನಿಂತ ಗುಮಾಸ್ತನಂತೆ ತಡಬಡಾಯಿಸತೊಡಗಿತು. ನನ್ನೊಳಗೆ ಏನೋ ಕೆಟ್ಟಿದೆ, ಇವತ್ತಲ್ಲ ನಾಳೆ ನಿಂತುಬಿಡುತ್ತದೆ ಎಂಬ ಭಯ ಬೆಳಗಿನ ಕಾಫಿಯ ಜೊತೆಗೇ ಬಂದು ಕೂರುತ್ತಿತ್ತು.

ಅಂಥ ದಿನಗಳಲ್ಲೇ ದಾವಣಗೆರೆಯ ವಾಚು ರಿಪೇರಿಯವರು ಫೋನ್ ಮಾಡಿ, ಜಗಳೂರಿನ ಕರಿಬಸಪ್ಪ ಎಂಬುವರ ಹತ್ತಿರ ಹಳೆಯ ಕೀಲಿ ವಾಚೊಂದಿದೆ, ಒಳಗಿನ ಒಂದು ಭಾಗವನ್ನೂ ಬದಲಾಯಿಸಿಲ್ಲ, ಕೊಡುವ ಮನಸ್ಸು ಮಾಡಿದ್ದಾರೆ ಎಂದರು. ಕರಿಬಸಪ್ಪನವರು ಖಾಸಗಿ ಬಸ್ಸುಗಳಿಗೆ ಟೈಂಕೀಪರ್ ಆಗಿದ್ದವರು. ಹಿಂದಿನ ಬಸ್ಸಿನವನೂ ಮುಂದಿನ ಬಸ್ಸಿನವನೂ ಒಂದೊಂದು ನಿಮಿಷಕ್ಕೆ ಕೈಕೈ ಮಿಲಾಯಿಸುವ ಆ ಲೋಕದಲ್ಲಿ, ನಿಲ್ದಾಣದಲ್ಲಿ ನಿಂತು ‘ನಿನ್ ಟೈಮಾತು, ಎತ್ತು ಗಾಡಿ’ ಎನ್ನುವ ಅಧಿಕಾರ ಅವರದಾಗಿತ್ತು. ಆ ಅಧಿಕಾರದ ಮೂಲ ಈ ವಾಚು. ಕೇಳಿದ ಕ್ಷಣದಿಂದ ನನಗೆ ನಿದ್ದೆಯಿಲ್ಲ. ನಾನು ಹೋಗುವುದರೊಳಗೆ ಬೇರೆ ಯಾರಾದರೂ ಕೊಂಡುಬಿಟ್ಟರೆ?

ಮರುದಿನವೇ ಹೊರಟೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ಬಸ್ಸಿನಲ್ಲಿ ಕೂತಿದ್ದಾಗ ಕೈ ಗುರ್ರೆಂದಿತು. ಹಿಂದೆಯೇ ಸುಮಾಳ ಫೋನು. ಎಲ್ಲಿ ಓಡುತ್ತಿದ್ದೀಯ ಎಂದು ಕೇಳಿದಳು. ಓಡುತ್ತಿಲ್ಲ, ಕಿಟಕಿ ಪಕ್ಕ ಕೂತು ಮೆಕ್ಕೆಜೋಳದ ಹೊಲ ನೋಡುತ್ತಿದ್ದೇನೆ ಎಂದೆ. ಅವಳಿಗೆ ಇನ್ನೂ ಹೆದರಿಕೆಯಾಯಿತು. ಸುಮ್ಮನೆ ಕೂತಾಗ ಅಷ್ಟು ಏರಬಾರದು, ಹಿಂದಕ್ಕೆ ಬಂದು ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸು ಎಂದಳು. ಮರಳುವಾಗ ತೋರಿಸುತ್ತೇನೆ ಎಂದು ಫೋನಿಟ್ಟೆನಾದರೂ, ಹಿಂದಿರುಗುವ ದಾರಿಯೆಂಬುದು ನನಗಿದೆಯೋ ಇಲ್ಲವೋ ಎಂಬ ಅನುಮಾನ ಜಗಳೂರಿನ ತನಕ ಪಕ್ಕದ ಸೀಟಿನಲ್ಲೇ ಕೂತಿತ್ತು.

ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಮನೆ. ಕರಿಬಸಪ್ಪನವರು ಎತ್ತರದ, ಒಣಕಲು ದೇಹದ ಮನುಷ್ಯ. ಹಣೆಯ ತುಂಬ ವಿಭೂತಿ. ಅವರ ಹೆಂಡತಿ ಗಂಗಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ತಂದರು. ಅದನ್ನು ತಿನ್ನುವ ಸಹನೆ ನನಗಿದ್ದರೆ ತಾನೆ. ಕೊನೆಗೆ ಕರಿಬಸಪ್ಪನವರು ಕರವಸ್ತ್ರ ಬಿಚ್ಚಿ ವಾಚನ್ನು ಕೈಗಿಟ್ಟರು. ಬಿಳಿ ಮುಖ ಹಳದಿಗೆ ತಿರುಗಿತ್ತು, ಅಂಚು ಸವೆದಿತ್ತು, ಸೆಕೆಂಡಿನ ಮುಳ್ಳು ಮಾತ್ರ ಎಳೆಗರುವಿನಂತೆ ಚಂಗನೆ ಓಡುತ್ತಿತ್ತು. ಅಷ್ಟರಲ್ಲಿ ನನ್ನ ಕೈ ಮತ್ತೆ ಗುರ್ರೆಂದಿತು.

ಅದೇನೆಂದು ಅವರು ಕೇಳಿದರು. ನಾಚಿಕೆಯಿಂದಲೇ ಎಲ್ಲವನ್ನೂ ಹೇಳಿದೆ. ಅವರಿಗೆ ಬಲು ತಮಾಷೆಯೆನಿಸಿ, ತಮಗೂ ಕಟ್ಟಿರೆಂದು ಕೈ ಚಾಚಿದರು. ಕಟ್ಟಿದೆ. ಅಡಿಯಲ್ಲಿ ಹಸಿರು ದೀಪ ಮಿಣುಕಿ ಮಿಣುಕಿ, ಬಹಳ ಹೊತ್ತು ಯೋಚಿಸಿ, ಒಂದು ಅಂಕಿ ತೋರಿಸಿತು. ಅದು ನಲವತ್ತನ್ನೂ ಮುಟ್ಟಿರಲಿಲ್ಲ. ನನ್ನ ಅಂಕಿ ಆಗತಾನೆ ನೂರು ದಾಟಿತ್ತು.

ಆಗ ನನಗಾದದ್ದು ಗಾಬರಿಯಲ್ಲ, ಸಂತೋಷ. ಈ ಯಂತ್ರಕ್ಕೇ ತಲೆ ಕೆಟ್ಟಿದೆ. ಅವರ ವಿಷಯದಲ್ಲಿ ಸುಳ್ಳು ಹೇಳುವಂಥದ್ದು ನನ್ನ ವಿಷಯದಲ್ಲೂ ಸುಳ್ಳನ್ನೇ ಹೇಳಿರಬೇಕು! ವಾರಗಟ್ಟಲೆ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಕರಿಬಸಪ್ಪನವರೂ ನಕ್ಕರು.

“ನಿಮಗೆ ಜಾಸ್ತಿ ಐತೆ, ನನಗೆ ಕಮ್ಮಿ ಐತೆ. ಎರಡೂ ಕೂಡಿಸಿ ಅರ್ಧ ಮಾಡಿದ್ರೆ ಸರಿಹೋಗ್ತೈತೆ ಬಿಡ್ರಿ ಮೇಡಮ್ಮಾರೆ.”

ಬಾಗಿಲ ಬಳಿ ನಿಂತಿದ್ದ ಗಂಗಮ್ಮ ನಗಲಿಲ್ಲ. ಇತ್ತೀಚೆಗೆ ಇವರಿಗೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಮೊನ್ನೆ ಬಚ್ಚಲಲ್ಲಿ ಗೋಡೆ ಹಿಡಿದು ಕುಸಿದಿದ್ದರು, ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕುಡಿಸುತ್ತಿದ್ದೇನೆ ಎಂದರು. ಅವರ ಮಾತು ಮುಗಿಯುವ ಮುಂಚೆ ನನ್ನ ಫೋನು ಹೊಡೆದುಕೊಂಡಿತು. ಸುಮಾ.

“ಅಮ್ಮಾ, ಎಲ್ಲಿದ್ದರೂ ಅಲ್ಲೇ ಮಲಗಿಬಿಡು. ಪಕ್ಕದಲ್ಲಿ ಯಾರಿದ್ದಾರೆ? ಅವರಿಗೆ ಫೋನ್ ಕೊಡು.”

ಅವಳ ಮೊಬೈಲಿಗೆ ಹೋದದ್ದು ಕರಿಬಸಪ್ಪನವರ ಅಂಕಿ; ಅವಳು ಓದಿಕೊಂಡದ್ದು ತಾಯಿಯದೆಂದು. ನಾನಲ್ಲ, ಇಲ್ಲೊಬ್ಬ ಹಿರಿಯರು, ಯಂತ್ರ ಕೆಟ್ಟಿದೆ ಎಂದು ಸಮಾಧಾನ ಹೇಳಿದೆ. ಒಡನೆಯೇ ಮಗಳ ದನಿ ಹೋಗಿ ನರ್ಸಿನ ದನಿ ಬಂತು. ತಲೆ ಸುತ್ತುತ್ತದೆಯೇ ಎಂದು ಕೇಳಿದಳು. ಬಚ್ಚಲಲ್ಲಿ ಕುಸಿದದ್ದನ್ನು ಹೇಳಿದೆ. ಯಂತ್ರವನ್ನು ಬಿಟ್ಟು ನೀನೇ ನಾಡಿ ಹಿಡಿದು ಒಂದು ಪೂರ್ತಿ ನಿಮಿಷ ಎಣಿಸು ಎಂದಳು.

ನಾನು ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಅವರದೇ ವಾಚನ್ನು ಹಿಡಿದೆ. ಒಂದು ಮಿಡಿತ ಬಂತು. ಮುಳ್ಳು ಮುಂದೆ ಹೋಯಿತು. ಇನ್ನೊಂದು ಬರಲಿಲ್ಲ. ಬೆರಳು ತಪ್ಪಿತೇನೋ ಎಂದುಕೊಳ್ಳುವಷ್ಟರಲ್ಲಿ, ದೂರದಿಂದ ನಡೆದು ಬಂದು ದಣಿದವರಂತೆ, ಬಂತು. ಮತ್ತೆ ಮೌನ. ಕೀಲಿ ಇಳಿಯುತ್ತಿರುವ ಗಡಿಯಾರದ ಸದ್ದು ನನಗೆ ಚೆನ್ನಾಗಿ ಪರಿಚಿತ; ಒಂದು ಟಿಕ್ಕಿಗೂ ಮುಂದಿನದಕ್ಕೂ ನಡುವೆ ಅನುಮಾನ ತುಂಬಿಕೊಳ್ಳುತ್ತದೆ. ಆ ಅನುಮಾನವನ್ನು ಮನುಷ್ಯನ ಕೈಯೊಳಗೆ ಮುಟ್ಟಿದ್ದು ಅದೇ ಮೊದಲು. ಮುಳ್ಳು ಒಂದು ಸುತ್ತು ಮುಗಿಸಿದಾಗ ಯಂತ್ರದ ಲೆಕ್ಕವೂ ನನ್ನದೂ ಒಂದೇ ಆಗಿತ್ತು. ಈಗಲೇ ಆಸ್ಪತ್ರೆಗೆ, ನಡೆಸಬೇಡಿ, ಎಂದಳು ಸುಮಾ.

ಕರಿಬಸಪ್ಪನವರು ಒಪ್ಪಲಿಲ್ಲ. ಉಂಡು, ಬಿಸಿಲು ಇಳಿದ ಮೇಲೆ ನೋಡೋಣ ಎಂದರು. ಮೊಬೈಲಿನವರ ಮಾತು ಕೇಳಿ ಆಸ್ಪತ್ರೆಗೆ ಓಡುವಷ್ಟು ಹುಂಬ ತಾನಲ್ಲ ಎಂದರು. ಗಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನನ್ನ ಮುಖ ನೋಡಿದರು. ನನಗೆ ಬೇರೇನೂ ತೋಚದೆ ಅವರ ವಾಚನ್ನು ಅವರ ಕಣ್ಣ ಮುಂದೆ ಹಿಡಿದೆ.

“ಎಣಿಸಿದ್ದು ಮೊಬೈಲಲ್ಲ, ಇದು. ಇದು ಯಾವತ್ತಾದರೂ ಸುಳ್ಳು ಹೇಳಿದೆಯಾ?”

ಅವರು ಅದನ್ನು ಬಹಳ ಹೊತ್ತು ನೋಡಿದರು.

“ಇಲ್ಲ,” ಎಂದರು. “ಆಟೋ ಕರಿಸ್ರಿ.”

ಆಮೇಲಿನದೆಲ್ಲ ನನಗೆ ತುಣುಕು ತುಣುಕಾಗಿ ನೆನಪಿದೆ. ಊರ ಆಸ್ಪತ್ರೆಯಲ್ಲಿ ಇಸಿಜಿ ಕಾಗದ ನೋಡಿದ ಡಾಕ್ಟರು ತಕ್ಷಣ ಆಂಬುಲೆನ್ಸಿಗೆ ಹೇಳಿದ್ದು. ಗಂಗಮ್ಮ ನನ್ನ ಕೈ ಬಿಡದ್ದರಿಂದ ನಾನೂ ಹತ್ತಿದ್ದು. ಅರ್ಧ ದಾರಿಯಲ್ಲಿ ಕರಿಬಸಪ್ಪನವರ ಕಣ್ಣು ಮೇಲಕ್ಕೆ ಹೊರಳಿ, ಜೊತೆಗಿದ್ದ ನರ್ಸ್ ಎದೆಯ ಮೇಲೆ ಬಾಗಿ ಒತ್ತಿದ್ದು. ಅವರು ಮತ್ತೆ ಕಣ್ಣು ಬಿಟ್ಟಾಗ ಗಂಗಮ್ಮ “ಶಿವನೇ” ಎಂದದ್ದು. ದಾವಣಗೆರೆಯಲ್ಲಿ ಅವರನ್ನು ಒಳಗೆ ಕರೆದೊಯ್ದರು. ಹೃದಯ ಗಟ್ಟಿಯಾಗಿಯೇ ಇದೆ, ಅದಕ್ಕೆ ಹೊತ್ತು ಹೇಳುವ ತಂತು ಸೋತಿದೆ, ಪೇಸ್‌ಮೇಕರ್ ಕೂರಿಸಬೇಕು ಎಂದರು ಡಾಕ್ಟರು.

ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಸಂಜೆಯಾಗುತ್ತಿತ್ತು. ಗಡಿಬಿಡಿಯಲ್ಲಿ ಕರಿಬಸಪ್ಪನವರ ವಾಚನ್ನು ನಾನೇ ಕೈಗೆ ಕಟ್ಟಿಕೊಂಡಿದ್ದೆನೆಂಬುದು ಆಗ ಕಂಡಿತು. ಅಷ್ಟು ಆಸೆಪಟ್ಟ ವಾಚು ಕೈಮೇಲಿತ್ತು. ಅದನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಕೀಲಿ ಮುಗಿದು ಇದೀಗ ನಿಂತುಬಿಟ್ಟರೆ? ಶಕುನಗಳನ್ನು ನಂಬಬೇಡಿರೆಂದು ಮಕ್ಕಳಿಗೆ ಪಾಠ ಹೇಳಿದವಳು, ಬೆಂಚಿನ ಮೂಲೆಯಲ್ಲಿ ಕಳ್ಳಿಯಂತೆ ಕೀಲಿ ತಿರುಗಿಸತೊಡಗಿದೆ. ಗಂಗಮ್ಮ ಮೆಲ್ಲಗೆ ನನ್ನ ಬೆರಳು ಹಿಡಿದರು.

“ಸಾಕ್ರಿ ಮೇಡಮ್ಮಾರೆ. ಅವ್ರು ಬೆಳಿಗ್ಗೆನೇ ಕೀಲಿ ಕೊಟ್ಟಾರೆ. ನಾಳೆ ಬೆಳಿಗ್ಗೆ ಮಟ ಓಡತೈತೆ.”

ಆ ಮಾತಿನ ಮೇಲೆ ಭಾರ ಹಾಕಿ ಇಬ್ಬರೂ ಕೂತೆವು. ಹಿಂದಿನವರು ಗಳಿಗೆಗೆ ನಾಡಿಕೆ ಎಂದೂ ಹೇಳುತ್ತಿದ್ದರೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನಾಡಿಯೂ ನಾಡಿಕೆಯೂ ಒಂದೇ ಮನೆಯ ಮಕ್ಕಳು. ಪದ ಬಿಡಿಸಿ ಅರ್ಥ ಹೇಳುವುದು ಸುಲಭ. ಅರ್ಥವಾಗಲು ಒಂದು ಬಾಗಿಲ ಹೊರಗೆ ಕಾಯಬೇಕಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆಯಿತು. ಎಲ್ಲ ಸರಿಯಾಗಿದೆ ಎಂದರು ಡಾಕ್ಟರು. ವಾಚನ್ನು ಬಿಚ್ಚಿ ಗಂಗಮ್ಮನ ಕೈಗಿಟ್ಟು, ಸುಮಾಳಿಗೆ ಫೋನ್ ಮಾಡಿ, ಅಲ್ಲಿಯವರೆಗೆ ಬಾರದ ಅಳುವನ್ನು ಅವಳ ಕಿವಿಗೆ ಸುರಿದೆ.

ಮುಂದಿನ ವಾರ ಅವಳು ನನ್ನನ್ನೂ ತಪಾಸಣೆಗೆ ಎಳೆದೊಯ್ದಳು. ಹೃದಯದಲ್ಲಿ ಯಾವ ದೋಷವೂ ಇರಲಿಲ್ಲ. ಗಾಬರಿ ಕಡಿಮೆ ಮಾಡಿ ಎಂದರು ಡಾಕ್ಟರು. ಅದಕ್ಕೆ ಮಾತ್ರೆ ಬರೆಯದ್ದರಿಂದ ನನಗೆ ಸ್ವಲ್ಪ ಗಾಬರಿಯಾಯಿತು.

ಎರಡು ತಿಂಗಳ ಮೇಲೆ ಮತ್ತೆ ಜಗಳೂರಿಗೆ ಹೋದೆ. ಕರಿಬಸಪ್ಪನವರು ಮೈ ಕೈ ತುಂಬಿಕೊಂಡಿದ್ದರು. ವಾಚಿನ ಮಾತನ್ನು ನಾನು ಎತ್ತಲಿಲ್ಲ; ಅವರೇ ಎತ್ತಿದರು. ಅದನ್ನು ಯಾರಿಗೂ ಕೊಡುವ ಮನಸ್ಸಿಲ್ಲ, ಬೇಜಾರು ಮಾಡಿಕೊಳ್ಳಬಾರದು ಎಂದರು. ಬೇಜಾರಾಯಿತು; ಇಲ್ಲವೆಂದರೆ ಓದುವ ನೀವು ನಂಬುವುದಿಲ್ಲ. ಆಮೇಲೆ ಅವರು ತಮ್ಮ ಎದೆಯ ಮೇಲ್ಭಾಗವನ್ನು ಬೆರಳಿನಿಂದ ತಟ್ಟಿ ತೋರಿಸಿದರು.

“ಇಲ್ಲೂ ಒಂದು ಇಟ್ಟಾರೆ, ಬ್ಯಾಟ್ರಿದು. ಇದ್ರ ಮ್ಯಾಲೆ ಕಣ್ಣು ಹಾಕಬ್ಯಾಡ್ರಿ ಮತ್ತೆ.”

ನಕ್ಕೆವು. ಹೆಂಗೆ ನಡೆದೈತೆ ನೋಡಿರೆಂದು ಕೈ ನೀಡಿದರು. ಬೆರಳಿಟ್ಟು, ಅವರ ವಾಚಿನ ಮುಳ್ಳಿನ ಮೇಲೆ ಕಣ್ಣಿಟ್ಟು ಎಣಿಸತೊಡಗಿದೆ. ಒಳಗೆ ಗಂಗಮ್ಮ ಮಿರ್ಚಿ ಕರಿಯುತ್ತಿದ್ದರು. ಎಣ್ಣೆಯ ಚುರುಚುರು, ಅವರು ಯಾರಿಗೋ ಫೋನಿನಲ್ಲಿ ನಾನು ಬಂದಿರುವ ಸುದ್ದಿ ಹೇಳುತ್ತಿದ್ದ ಸಂಭ್ರಮ, ಹೊರಗೆ ಯಾವುದೋ ಬಸ್ಸಿನ ಹಾರ್ನು. ಬೆರಳ ಕೆಳಗೆ ಮಿಡಿತ ಬರುತ್ತಲೇ ಇತ್ತು, ಒಂದರ ಹಿಂದೆ ಒಂದು, ಅನುಮಾನಕ್ಕೆ ಜಾಗ ಕೊಡದೆ. ಎಷ್ಟಾಯಿತು ಎಂದು ಕರಿಬಸಪ್ಪನವರು ಕೇಳಿದಾಗ ನನ್ನ ಲೆಕ್ಕ ಎಲ್ಲೋ ತಪ್ಪಿಹೋಗಿತ್ತು. ಮತ್ತೆ ಮೊದಲಿನಿಂದ ಎಣಿಸಬೇಕೆಂದು ನನಗೆ ಅನ್ನಿಸಲಿಲ್ಲ.