ಪೆಟ್ಟಿಗೆಯ ಹಿಂದಿನ ಕುರಿ

ಎಂ.ಕೆ. ಹುಬ್ಬಳ್ಳಿಯ ಆ ಪುಟ್ಟ ಚರ್ಚಿನಲ್ಲಿ ತಿಂಗಳಿಗೊಂದು ಭಾನುವಾರ ಉಪದೇಶ ಇರುವುದಿಲ್ಲ. ಬೈಬಲಿನ ಕತೆಯನ್ನು ಮುದುಕರು ಮಕ್ಕಳೆನ್ನದೆ ಎಲ್ಲರೂ ಸೇರಿ ಆಡಿ ತೋರಿಸಬೇಕು. ಪಾಸ್ಟರ್ ಗುರುನಾಥ ಬಂದ ಮೇಲೆ ಶುರುವಾದ ರೂಢಿ ಅದು. ಕಳೆದುಹೋದ ಕುರಿಯ ಕತೆ ಬಂದಾಗಲೆಲ್ಲ ಕುರುಬನ ಕಂಬಳಿ ಕೆಂಪವ್ವನ ಹೆಗಲೇರುತ್ತಿತ್ತು. ಮದುವೆಗೆ ಮುಂಚೆ ಸುರೇಬಾನದಲ್ಲಿ ಊರವರ ಕುರಿ ಕಾಯ್ದವಳು ಆಕೆ. ನಾಲಿಗೆ ಮಡಚಿ ‘ಟ್ರ್‌ರ್‌ರ್, ಬಾ ಬಾ’ ಎಂದಳೆಂದರೆ ಚರ್ಚಿನ ಹೊರಗೆ ಮೇಯುವ ಆಡುಗಳೂ ತಲೆಯೆತ್ತುತ್ತಿದ್ದವು.

ಒಂದು ಮಗು ಅಡಗಿಕೊಳ್ಳಬೇಕು. ಕುರುಬ ಹುಡುಕಬೇಕು. ಅದು ಸಿಗುವ ತನಕ ಯಾರೂ ಕೊನೆಯ ಹಾಡು ಎತ್ತುವಂತಿಲ್ಲ.

ಅಡಗುತ್ತಿದ್ದವನು ಆಕೆಯೇ ಸಾಕಿದ ಮೊಮ್ಮಗ ಆಕಾಶ. ಪ್ರತಿ ಸಲ ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ, ಅದರ ಮೇಲಿನ ಬಟ್ಟೆಯ ಮರೆಯಲ್ಲೇ. ಮೊದಲ ಕರೆಗೇ ‘ಬ್ಯಾ’ ಎಂದುಬಿಡುತ್ತಿದ್ದ.

“ಬ್ಯಾರೆ ಜಾಗಾ ಇಲ್ಲೇನಲೇ ಹುಚ್ಚಾ?”

“ನಿನ್ನ ಮೊಣಕಾಲು ನೋಯ್ತಾವಲ್ಲ ಆಯಿ, ದೂರ ಎಲ್ಲಿ ಹುಡುಕ್ತಿ?”

ಕಳೆದ ಚಳಿಗಾಲ, ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಟ್ರ್ಯಾಕ್ಟರಿನ ಹಿಂದೆ ಓಡಿ, ಎಲ್ಲ ಹುಡುಗರಂತೆ ಅವನೂ ಒಂದು ಕಬ್ಬು ಎಳೆದ. ತಿರುವಿನಲ್ಲಿ ಕೈ ಬಿಡಲಿಲ್ಲ. ಗಾಲಿಯ ಕೆಳಗೆ ಹೋದ. ಅಂದಿನಿಂದ ಕಂಬಳಿ ಗೂಟದಲ್ಲೇ ಉಳಿಯಿತು.

ಈ ತಿಂಗಳು ಮಕ್ಕಳು ಮತ್ತೆ ಕುರಿಯ ಕತೆಯೇ ಬೇಕೆಂದು ಹಟ ಹಿಡಿದರು.

“ಬ್ಯಾರೆ ಕತಿ ಆಡೂಣು ಬಿಡ್ರಿ ಆಯಿ,” ಎಂದ ಗುರುನಾಥ.

“ಹುಡುಗ್ರು ಕಾಯಾಕ ಹತ್ತ್ಯಾರ. ಕಂಬಳಿ ಕೊಡ್ರಿ ಪಾಸ್ಟರ್ರ.”

ಈ ಸಲದ ಕುರಿ ಐದು ವರ್ಷದ ಸಪ್ನಾ. ಅಡಗುವ ಜಾಗವೆಂದರೆ ಅವಳಿಗೆ ಗೊತ್ತಿದ್ದುದು ಒಂದೇ, ಆಕಾಶಣ್ಣನ ಜಾಗ. ಪೆಟ್ಟಿಗೆಯ ಬಟ್ಟೆ ಅಲುಗಿದ್ದನ್ನು ಎಲ್ಲರೂ ಕಂಡರು. ಕೆಂಪವ್ವನೂ ಕಂಡಳು.

ಕಂಡೂ ಆಕೆ ಬೆಂಚುಗಳ ಕೆಳಗೆ ಹುಡುಕಿದಳು. ಬಾಗಿಲ ಹಿಂದೆ ನೋಡಿದಳು. ಹೊರಗೆ ಹೋಗಿ ಚಪ್ಪಲಿಗಳ ರಾಶಿಯನ್ನೂ ಸರಿಸಿದಳು.

“ಏ ಕೆಂಪಿ, ಚಪ್ಪಲ್ಯಾಗ ಕುರಿ ಇರತೈತೇನ? ಒಳಗ ಅನ್ನ ಆರಾಕ ಹತ್ತೈತಿ!” ಗೆಳತಿ ಶಟ್ಟೆವ್ವ ಚೇಷ್ಟೆ ಮಾಡಿದಳು. ನಾಲ್ಕು ಜನ ನಕ್ಕರು. ಕೆಂಪವ್ವ ಒಳಗೆ ಬಂದು ಅದೇ ಬೆಂಚುಗಳ ಕೆಳಗೆ ಮತ್ತೆ ಬಗ್ಗಿದಾಗ ನಗು ನಿಂತಿತು. ಬಟ್ಟೆ ಎತ್ತದಿರುವಷ್ಟು ಹೊತ್ತು ಅದರ ಹಿಂದೆ ಇರುವವನು ಆಕಾಶನೇ.

‘ಟ್ರ್‌ರ್‌ರ್, ಬಾ ಬಾ’ ಎಂದು ಕರೆದಳು. ಉತ್ತರ ಬರಲಿಲ್ಲ. ಉಸಿರೆತ್ತಬಾರದೆಂದು ತಾಯಿ ಸಪ್ನಾಳಿಗೆ ಹೇಳಿ ಕಳಿಸಿದ್ದಳು.

ಗುರುನಾಥ ತಾನೇ ಬಟ್ಟೆ ಸರಿಸಲು ಎದ್ದ. ಶಟ್ಟೆವ್ವ ಅವನ ತೋಳು ಹಿಡಿದಳು. “ಕುಂದರ್ರಿ. ಹುಡುಕಲಿ ಅಕಿ.”

ಕೊನೆಗೆ ಪೆಟ್ಟಿಗೆಯ ಹಿಂದಿನಿಂದ ಅಳು ಕೇಳಿತು.

“ಆಯಿ, ನಾ ಇಲ್ಲೇ ಅದೇನಿ. ಕತ್ತಲಿ ಐತಿ. ನನ್ನ ಯಾಕ ಹುಡುಕವಲ್ಲಿ?”

ಕೆಂಪವ್ವ ಬೆಂಚು ಹಿಡಿಯುತ್ತ ಹೋಗಿ, ನೋಯುವ ಮೊಣಕಾಲೂರಿ, ಬಟ್ಟೆ ಎತ್ತಿದಳು. ಮಗುವನ್ನು ಎಳೆದು ಕಂಬಳಿಯೊಳಗೆ ಮುಚ್ಚಿಕೊಂಡಳು.

“ಅಳಬ್ಯಾಡವಾ. ತಪ್ಪು ನಂದು.” ಜನರತ್ತ ತಿರುಗದೆ ಹೇಳಿದಳು, “ಸಿಕ್ಕಳ್ರಿ. ಹಾಡ್ರಿ.”

ಎಲ್ಲರೂ ಹಾಡು ಎತ್ತಿದರು. ಆಕೆಯ ಒಂದು ಕೈ ಸಪ್ನಾಳ ಬೆನ್ನ ಮೇಲಿತ್ತು. ಇನ್ನೊಂದು ಕೈ ಪೆಟ್ಟಿಗೆಯ ಹಿಂದೆ, ಗೋಡೆಯ ತನಕ, ಇನ್ನೂ ತಡಕಾಡುತ್ತಿತ್ತು.