ಮೇಲೆತ್ತಿದ ಎರಡು ಕೈ

ಅವನ ಕೈಯಲ್ಲಿ ಏನೂ ಇರಲಿಲ್ಲ. ಇತ್ತು ಎಂದು ಹೇಳಿದವನು ನಾನು.

ಇಷ್ಟನ್ನು ಬರೆಯಲು ವರ್ಷಗಳೇ ಬೇಕಾದವು. ಬರೆದ ಮೇಲೂ ಒಳಗಿನ ಹಳೆಯ ತರ್ಕಗಾರ ಎದ್ದು ಕೇಳುತ್ತಾನೆ — ಖಂಡಿತವೇ? ಚೆನ್ನಾಗಿ ನೆನಪಿದೆಯೇ? ಅವನ ಬಾಯಿ ಮುಚ್ಚಿಸುವುದಕ್ಕಾದರೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕು.

ನಾನು ವಿಮಾನ ತಂತ್ರಜ್ಞಾನದ ಸಂಶೋಧಕ. ವೀಸಾ ಮುದ್ರೆ ಹಾಕಿಸಿಕೊಳ್ಳಲು ನಾನೂ ಹೆಂಡತಿ ವಸುಧಾಳೂ ಅಮೆರಿಕದ ಶೋರ್‌ಲೈನ್‌ನ ಮನೆಯಿಂದ ಗಡಿಯಾಚೆಯ ವ್ಯಾಂಕೂವರಿಗೆ ಹೋಗಿದ್ದೆವು. ವಾಪಸು ಬರುವಾಗ ಅಲ್ಲಿನ ಪಂಜಾಬಿ ಅಂಗಡಿಯಲ್ಲಿ ಒಂದು ಕರಿಬೇವಿನ ಸಸಿ ಕೊಂಡು, ಕುಂಡ ಸಮೇತ ಸೀಟಿನ ಕೆಳಗಿಟ್ಟು, ಮೇಲೆ ಶಾಲು ಹೊದಿಸಿದೆವು. ಗಡಿ ದಾಟಿಸಿ ಗಿಡ ತರುವಂತಿಲ್ಲ. ಗಿಡ, ಹಣ್ಣು ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದಾಗ ನಗುತ್ತಾ ಇಲ್ಲ ಎಂದೆ. ಅವನೂ ನಕ್ಕು ಮುಂದೆ ಬಿಟ್ಟ.

ತುಸು ದೂರ ಹೋಗುವಷ್ಟರಲ್ಲಿ ಕುಂಡ ಉರುಳಿ ಮಣ್ಣೆಲ್ಲ ವಸುಧಾಳ ಕಾಲ ಮೇಲೆ ಚೆಲ್ಲಿತು. ದಾರಿಬದಿಯ ಪಾರ್ಕಿಂಗ್ ಜಾಗದ ಅಂಚಿನಲ್ಲಿ ಕಾರು ನಿಲ್ಲಿಸಿದೆ. ಆಚೆ ರಾಸ್‌ಬೆರಿ ತೋಟ. ಅದರೊಳಗಿಂದ ಒಬ್ಬ ಓಡಿ ಬಂದ. ಹಿಂದೆ ಇಬ್ಬರು ಗಡಿ ಕಾವಲಿನವರು. ವಸುಧಾ ಹೆದರಿ ಅಳತೊಡಗಿದಳು. ಅವನು ನಿಂತ. ತಿರುಗಿದ. ನಾನು ಅವಳಿಗೆ ಹೇಳಿದೆ —

"ನೋಡು, ಎರಡೂ ಕೈ ಎತ್ತಿದಾನೆ. ಇನ್ನೇನೂ ಆಗಲ್ಲ, ಬಿಡು."

ಇಬ್ಬರೂ ಗುಂಡು ಹಾರಿಸಿದರು. ಅವನು ಕುಸಿದ. ನಾವು? ನಾವು ಗಿಡದ ಮೇಲೆ ಶಾಲು ಸರಿಮಾಡಿಕೊಂಡು ಹೊರಟುಬಂದೆವು.

ಅವನ ಹೆಸರು ಮಿಗೆಲ್, ಹಣ್ಣು ಕೀಳುವ ಕೂಲಿ ಎಂದು ಆಮೇಲೆ ಪತ್ರಿಕೆಯಿಂದ ತಿಳಿಯಿತು. ಮೊಣಕಾಲು ಪುಡಿಯಾಗಿತ್ತು. ಕೈಯಲ್ಲಿ ಏನೋ ಹೊಳೆಯುತ್ತಿತ್ತು, ಅದಕ್ಕೇ ಹೊಡೆದೆವು ಎಂದರು ಕಾವಲಿನವರು. ಅವರ ಮೇಲೆ ಮೊಕದ್ದಮೆ ಹೂಡಿದ ಸರ್ಕಾರಿ ವಕೀಲರು, ಅಲ್ಲಿದ್ದ ಪ್ರಯಾಣಿಕರು ಮುಂದೆ ಬನ್ನಿ ಎಂದು ಕೇಳಿಕೊಂಡರು. ಹೋಗೋಣ ಎಂದಳು ವಸುಧಾ.

"ಅಲ್ಲಿ ಯಾಕೆ ನಿಲ್ಲಿಸಿದ್ರಿ ಅಂತ ಕೇಳಿದ್ರೆ? ಗಡೀಲಿ ಸುಳ್ಳು ಹೇಳಿದ್ದು ಗೊತ್ತಾದ್ರೆ ಗ್ರೀನ್ ಕಾರ್ಡ್ ಕಥೆ ಮುಗೀತು" ಎಂದೆ.

ಒಂದು ಗೇಣು ಗಿಡಕ್ಕಾಗಿ. ಹೌದು — ಒಂದು ಗೇಣು ಗಿಡಕ್ಕಾಗಿ.

ನಾವು ಹೋಗದಿದ್ದರೂ ನ್ಯಾಯಾಲಯ ಆ ಹೊಳಪಿನ ಕಥೆಯನ್ನು ನಂಬಲಿಲ್ಲ. ಇಬ್ಬರಿಗೂ ಜೈಲಾಯಿತು. ಆಗ ಎದ್ದಿತು ನೋಡಿ ಜನರ ಸಿಟ್ಟು! ಗಡಿ ಕಾಯುವವರನ್ನೇ ಜೈಲಿಗೆ ತಳ್ಳಿದರು ಎಂದು ರೇಡಿಯೋ ಅರಚಿತು. ಮನೆಗಳ ಮುಂದಿನ ಹುಲ್ಲಿನಲ್ಲಿ "ಅವರನ್ನು ಬಿಡಿ" ಎಂಬ ಫಲಕಗಳು ಮೊಳೆತವು. ಮುರಿದ ಮೊಣಕಾಲಿನ ಬಗ್ಗೆ ಒಂದು ಫಲಕವನ್ನೂ ನಾನು ಕಾಣಲಿಲ್ಲ.

ಮಿಲ್ ಕ್ರೀಕ್‌ನಲ್ಲಿ ಗೆಳೆಯ ಸತೀಶನ ಮನೆಯ ಗಣೇಶನ ಹಬ್ಬದ ಊಟದಲ್ಲೂ ಅದೇ ಮಾತು.

"ನಾವೆಲ್ಲ ವರ್ಷಗಟ್ಟಲೆ ಲೈನಲ್ಲಿ ನಿಂತು ಬಂದಿಲ್ವಾ? ಇವ್ನು ಬೇಲಿ ಹಾರಿ ಬರ್ತಾನಂತೆ, ಜೈಲು ಮಾತ್ರ ಕಾಯೋರಿಗಂತೆ!" ಎಂದ ಸತೀಶ. ಎಲ್ಲದಕ್ಕೂ ಆಧಾರ ಕೇಳುವ ನನ್ನ ಕಡೆ ತಿರುಗಿ, "ಏನ್ ಡೌಟ್ ಡಾಕ್ಟ್ರೇ, ಇದಕ್ಕೂ ಪ್ರೂಫ್ ಬೇಕಾ? ಇಲ್ಲಾ ನೀವೂ ಬೇಲಿ ಪಾರ್ಟೀನಾ?" ಎಂದ. ಎಲ್ಲರೂ ನಕ್ಕರು.

ಆ ನಗು ನನಗೆ ತಡೆಯಲಾಗಲಿಲ್ಲ. ಲೈನಿನಲ್ಲಿ ನಿಂತವರ ಪಂಕ್ತಿಯಲ್ಲಿ ನನಗೂ ಎಲೆ ಬೇಕಿತ್ತು. ಸೀಟಿನ ಕೆಳಗೆ ಗಿಡ ಅಡಗಿಸಿ ತಂದವನಿಗೆ!

"ನಾನು ಅಲ್ಲೇ ಇದ್ದೆ ಕಣಯ್ಯಾ. ಅವನ ಕೈಯಲ್ಲಿ ಏನೋ ಹೊಳೀತಿತ್ತು. ನಾನೇ ನೋಡಿದೀನಿ."

ಯಾವುದನ್ನೂ ನಂಬದವನೇ ಹೇಳಿದ ಮೇಲೆ ಇನ್ನೇನು ಬೇಕು? ಊಟಕ್ಕೆ ಬಂದಿದ್ದ ಸತೀಶನ ಪಕ್ಕದ ಮನೆಯ ಅಮೆರಿಕನ್ — ಅವನ ಅಂಗಳದಲ್ಲೂ ಫಲಕವಿತ್ತು — ನನ್ನಿಂದ ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿಸಿಕೊಂಡ. ಕೆಲವೇ ದಿನಗಳಲ್ಲಿ ರೇಡಿಯೋದಲ್ಲಿ ನಾನು 'ಎಲ್ಲವನ್ನೂ ಕಣ್ಣಾರೆ ಕಂಡ ಭಾರತೀಯ ವಿಜ್ಞಾನಿ'ಯಾದೆ. ಹೆಸರಿಲ್ಲದ ವಿಜ್ಞಾನಿ.

ಊಟ ಮುಗಿಸಿ ಹಿಂತಿರುಗುವಾಗ ಕಾರಿನಲ್ಲಿ ವಸುಧಾ, "ರೀ, ಏನ್ ಹೇಳಿದ್ರಿ ನೀವು? ಎರಡೂ ಕೈ ಮೇಲಿತ್ತಲ್ರೀ" ಎಂದಳು.

"ನೀನು ಅಳ್ತಾ ಇದ್ದೆ. ನಿನಗೇನು ಕಂಡಿರುತ್ತೆ? ನೆನಪು ಅಂದ್ರೆ ವಿಡಿಯೋ ಅಲ್ಲ ವಸುಧಾ. ಮನಸ್ಸು ಆಮೇಲೆ ಕಟ್ಕೊಳ್ಳೋದು."

ಕಲಿತ ವಿದ್ಯೆಯನ್ನೆಲ್ಲ ಅವಳ ಮೇಲೆ ಬಿಟ್ಟೆ. ಮನೆ ಮುಟ್ಟುವಷ್ಟರಲ್ಲಿ ಅವಳು, "ಇರಬಹುದೇನೋ" ಎಂದಳು. ಆ ಮಾತನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಈಗ ಕಣ್ಣು ಮುಚ್ಚಿದರೆ ಆ ಹೊಳಪು ನನಗೆ ನಿಜವಾಗಿಯೇ ಕಾಣುತ್ತದೆ — ಎಡಗೈಯಲ್ಲಿ, ಸಣ್ಣದು, ಬಿಸಿಲಿಗೆ ಮಿರುಗುವಂಥದ್ದು. ಸುಳ್ಳು ಹೋಗಿ ನೆನಪಿನ ಜಾಗದಲ್ಲಿ ಕೂತುಬಿಟ್ಟಿದೆ. ನನ್ನ ಕಣ್ಣನ್ನು ನಾನು ನಂಬಲಾರೆ. ಆದರೆ ಗುಂಡಿಗೂ ಮುಂಚೆ ನನ್ನ ಬಾಯಿಂದ ಬಂದ ಆ ಎರಡು ಕೈಗಳ ಮಾತು... ಆಗ ಅದರಿಂದ ನನಗೆ ಯಾವ ಲಾಭವೂ ಇರಲಿಲ್ಲ. ಅದೊಂದನ್ನು ನಂಬುತ್ತೇನೆ.

ಶಿಕ್ಷೆ ಕಡಿತವಾಗಿ ಅವರಿಬ್ಬರೂ ಮನೆಗೆ ಬಂದರು. ಜನ ಚಪ್ಪಾಳೆ ತಟ್ಟಿದರು. ಅದು ನನ್ನ ಮಾತಿನಿಂದಲೇ ಆಯಿತೆಂಬುದಕ್ಕೆ ಆಧಾರವಿಲ್ಲ — ನೋಡಿ, ಇಲ್ಲೂ ಆಧಾರ ಹುಡುಕುತ್ತಿದ್ದೇನೆ! ಸುಳ್ಳುಗಾರ ಎನಿಸಿಕೊಂಡ ಮಿಗೆಲ್‌ಗೆ ಆ ಕಡೆ ಯಾವ ತೋಟದಲ್ಲೂ ಮತ್ತೆ ಕೆಲಸ ಸಿಗಲಿಲ್ಲ. ನಮಗೆ ಗ್ರೀನ್ ಕಾರ್ಡ್ ಬಂತು.

ಕರಿಬೇವು ಕಿಟಕಿಯ ಪಕ್ಕ ನನ್ನೆದೆಯೆತ್ತರ ಬೆಳೆದಿದೆ. ವಸುಧಾ ಅದರ ಒಂದೆಲೆಯನ್ನೂ ಒಗ್ಗರಣೆಗೆ ಹಾಕಿಲ್ಲ, ಅಂಗಡಿಯಿಂದ ತರುತ್ತಾಳೆ. ನಾನು ಅದನ್ನು ಗಮನಿಸಿದ್ದು ಈಚೆಗೆ. ಹಾಗಾದರೆ ಆ "ಇರಬಹುದೇನೋ" — ಅವಳು ನನ್ನನ್ನು ಎಂದೂ ನಂಬಿರಲೇ ಇಲ್ಲವೇ? ಕೇಳಲು ನನಗೆ ಮುಖವಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಅವಳಿಗೆ ಕೊಟ್ಟೆ. ನಿಂತೇ ಓದಿದಳು.

"ಕನ್ನಡದಲ್ಲಿ ಬರೆದಿದೀರಲ್ಲ. ಅವನಿಗೆ ಯಾರ್ರೀ ಓದಿ ಹೇಳ್ತಾರೆ?"

ಅಡಗಿಕೊಳ್ಳಲು ಉಳಿದಿದ್ದ ಕೊನೆಯ ಮೂಲೆಯೂ ಹೋಯಿತು. ಹಳೆಯ ಪತ್ರಿಕೆಯಲ್ಲಿ ಹೆಸರಿದ್ದ ಮಿಗೆಲ್‌ನ ವಕೀಲೆಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಬರಹೇಳಿದ್ದಾರೆ. ವಸುಧಾಳೂ ಬರುತ್ತಾಳೆ, ತಾನು ಕಂಡದ್ದನ್ನು ತಾನೇ ಹೇಳಲು. ನೀವು ಅಲ್ಲಿ ಯಾಕೆ ನಿಲ್ಲಿಸಿದ್ದಿರಿ ಎಂದು ಮೊದಲು ಕೇಳುತ್ತಾರೆ. ಕರಿಬೇವಿನಿಂದಲೇ ಶುರುಮಾಡುತ್ತೇನೆ.